ನಮ್ಮ ವಂಶವೇ ಹಿಂಗೆ ಅನ್ನೋದು ಎಷ್ಟು ನಿಜ? ಸಣ್ಣ ಆರ್‌ಎನ್‌ಎಗಳು ಮತ್ತು ಮೈಕೊಬ್ಬು

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 39. ಬಟ್ಟೆ ಅಂಗಡಿ ಇದೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತೇ ಕೆಲಸ. ಎತ್ತರ ಐದಡಿ ಆರಿಂಚು, ತೂಕ 84 ಕೆ.ಜಿ. ಅಪ್ಪನಿಗೂ ದೊಡ್ಡಪ್ಪನಿಗೂ ಇದೇ ಹೊಟ್ಟೆ, ಇಬ್ಬರಿಗೂ ಶುಗರ್ ಇದೆ. "ನಮ್ಮ ವಂಶವೇ ಹಿಂಗೆ, ತಲೆ ಕೆಡಿಸ್ಕೋಬೇಡ" ಅಂತಾರೆ ಅಮ್ಮ. ನನ್ನ ಗೆಳೆಯ ಪಕ್ಕದಲ್ಲೇ ಕೂತು ಎರಡೆರಡು ಪ್ಲೇಟ್ ಬೆಣ್ಣೆ ದೋಸೆ ತಿಂತಾನೆ, ಒಂದು ಚೂರೂ ದಪ್ಪ ಆಗಲ್ಲ. ಮೊನ್ನೆ ಮೊಬೈಲಲ್ಲಿ ಒಂದು ಜಾಹೀರಾತು ಬಂತು. ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಪರೀಕ್ಷೆ ಮಾಡಿಸಿದರೆ ಬೊಜ್ಜಿನ ಮೂಲ ಗೊತ್ತಾಗುತ್ತೆ, ಅದಕ್ಕೆ ತಕ್ಕ ಊಟದ ಪಟ್ಟಿ ಕೊಡ್ತೀವಿ ಅಂತ. ಹದಿನೈದು ಸಾವಿರ ಕೇಳ್ತಾರೆ. ಅನ್ನದಲ್ಲಿರೋ ಆರ್‌ಎನ್‌ಎ ನಮ್ಮ ಜೀನ್‌ಗಳನ್ನೇ ಬದಲಾಯಿಸುತ್ತೆ ಅಂತಲೂ ಯಾರೋ ಹೇಳಿದರು. ಇದೆಲ್ಲ ನಿಜವಾ? ಪರೀಕ್ಷೆ ಮಾಡಿಸಲಾ? ನನ್ನ ಮಗನಿಗೆ 9 ವರ್ಷ, ಅವನಿಗೂ ಇದು ಬರುತ್ತಾ?

ಉತ್ತರ: ದುಡ್ಡಿನ ವಿಷಯ ಮೊದಲು ಮುಗಿಸೋಣ. ಆ ಪರೀಕ್ಷೆ ಮಾಡಿಸಬೇಡಿ. ಹಾಗಂತ ಮೈಕ್ರೋ ಆರ್‌ಎನ್‌ಎ ಅನ್ನುವುದೇ ಬುರುಡೆ ಅಂದುಕೊಳ್ಳಬೇಡಿ. ಅದು ನಿಜ. ಮೈಯಲ್ಲಿ ಕೊಬ್ಬು ಎಲ್ಲಿ, ಎಷ್ಟು, ಯಾವ ರೀತಿ ಕೂಡಿಕೊಳ್ಳುತ್ತದೆ ಅನ್ನುವುದರಲ್ಲಿ ಅದರ ಪಾತ್ರ ಖಂಡಿತ ಇದೆ. ಆದರೆ ವಿಜ್ಞಾನಕ್ಕೆ ಗೊತ್ತಿರುವುದು ಒಂದು, ಜಾಹೀರಾತು ಹೇಳುವುದು ಇನ್ನೊಂದು. ಎರಡರ ನಡುವೆ ಎಷ್ಟು ಅಂತರ ಇದೆ ಅಂತ ತೋರಿಸಲು ಸ್ವಲ್ಪ ಉದ್ದವಾಗಿಯೇ ಬರೆಯಬೇಕು. ಅಂಗಡಿ ಬಾಗಿಲು ಹಾಕಿದ ಮೇಲೆ ನಿಧಾನವಾಗಿ ಓದಿ.

ನಮ್ಮ ಕೋಶಗಳಲ್ಲಿ ಡಿಎನ್‌ಎ ಇದೆ. ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳು ಅದರಲ್ಲಿವೆ. ಜೀನ್ ತಾನೇ ಹೋಗಿ ಪ್ರೋಟೀನ್ ಮಾಡುವುದಿಲ್ಲ. ತನ್ನದೊಂದು ನಕಲು ಬರೆಸಿ ಕಳಿಸುತ್ತದೆ. ಅದಕ್ಕೆ ಸಂದೇಶ ಆರ್‌ಎನ್‌ಎ ಅನ್ನುತ್ತಾರೆ. ನಿಮ್ಮೂರಿನ ದೋಸೆ ಹೋಟೆಲನ್ನೇ ನೋಡಿ. ಸಪ್ಲೈಯರ್ ಬರೆದ ಚೀಟಿ ಒಲೆಯ ಹತ್ತಿರ ಹೋಗುತ್ತದೆ, ಚೀಟಿ ಬಂದಷ್ಟು ದೋಸೆ ಹಂಚಿನ ಮೇಲೆ ಬೀಳುತ್ತದೆ. ಈಗ ಒಲೆಯ ಪಕ್ಕ ಒಬ್ಬ ನಿಂತಿದ್ದಾನೆ ಅಂದುಕೊಳ್ಳಿ. ಅವನು ದೋಸೆ ಹುಯ್ಯುವುದಿಲ್ಲ, ಬೆಣ್ಣೆ ಹಾಕುವುದಿಲ್ಲ. 'ಖಾಲಿ ದೋಸೆ' ಅಂತ ಬರೆದ ಚೀಟಿ ಕಂಡಾಗ ಹತ್ತರಲ್ಲಿ ಎರಡೋ ಮೂರೋ ಹರಿದು ಬಿಸಾಕುತ್ತಾನೆ, ಅಷ್ಟೇ. ಆವತ್ತು ಹೋಟೆಲಿನಿಂದ ಹೊರಗೆ ಹೋಗುವ ಖಾಲಿ ದೋಸೆ ಕಡಿಮೆಯಾಗುತ್ತದೆ. ಮೈಕ್ರೋ ಆರ್‌ಎನ್‌ಎ ಮಾಡುವುದು ಇಷ್ಟೇ ಕೆಲಸ.

ಅದರ ಉದ್ದ ಹೆಚ್ಚು ಕಡಿಮೆ 22 ಅಕ್ಷರ. ಅಕ್ಷರ ಅಂದರೆ ಆರ್‌ಎನ್‌ಎ ಎಳೆಯ ಒಂದೊಂದು ರಾಸಾಯನಿಕ ಕೊಂಡಿ. ಸಂದೇಶ ಆರ್‌ಎನ್‌ಎ ಸಾಮಾನ್ಯವಾಗಿ ಸಾವಿರಾರು ಅಕ್ಷರಗಳದ್ದು. ಮೊದಲು ಒಂದು ಉದ್ದನೆಯ ಎಳೆ ಹುಟ್ಟಿ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಡ್ರೋಶ, ಡೈಸರ್ ಅನ್ನುವ ಎರಡು ಎಂಜೈಮುಗಳು ಅದನ್ನು ಒಂದಾದ ಮೇಲೊಂದು ಕತ್ತರಿಸುತ್ತವೆ. ಉಳಿದ ತುಣುಕು ಆರ್ಗೋನಾಟ್ ಅನ್ನುವ ಪ್ರೋಟೀನಿನೊಳಗೆ ಹೋಗಿ ಕೂರುತ್ತದೆ. ಆ ತುಣುಕಿನ ಎರಡನೇ ಅಕ್ಷರದಿಂದ ಎಂಟನೇ ಅಕ್ಷರದವರೆಗಿನ ಭಾಗ ಯಾವ ಸಂದೇಶದ ಬಾಲಕ್ಕೆ ಹೊಂದುತ್ತದೋ ಅದನ್ನು ಹಿಡಿಯುತ್ತದೆ. ಹಿಡಿದ ಮೇಲೆ ಆ ಸಂದೇಶದಿಂದ ತಯಾರಾಗುವ ಪ್ರೋಟೀನ್ ತಗ್ಗುತ್ತದೆ, ಸಂದೇಶವೂ ಬೇಗ ನಾಶವಾಗುತ್ತದೆ. ಹೊಂದಬೇಕಾದದ್ದು ಬರೀ ಏಳು ಅಕ್ಷರ. ಹಾಗಾಗಿ ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಜೀನ್‌ಗಳ ಸಂದೇಶವನ್ನು ಹಿಡಿಯಬಲ್ಲದು. ಒಂದೇ ಸಂದೇಶಕ್ಕೆ ಹಲವು ಮೈಕ್ರೋ ಆರ್‌ಎನ್‌ಎಗಳು ಕೈಹಾಕಬಲ್ಲವು. ಮನುಷ್ಯನ ಪ್ರೋಟೀನ್ ಜೀನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವುಗಳ ಹಿಡಿತಕ್ಕೆ ಬರುತ್ತವೆ ಅಂತ ಅಂದಾಜು. ಆದರೆ ಒಂದೊಂದರ ಪರಿಣಾಮ ಸಾಮಾನ್ಯವಾಗಿ ಸಣ್ಣದು. ಪ್ರೋಟೀನ್ ಪೂರ್ತಿ ನಿಂತುಹೋಗುವುದಿಲ್ಲ, ಸ್ವಲ್ಪ ಇಳಿಯುತ್ತದೆ. ಈ 'ಸ್ವಲ್ಪ'ವನ್ನು ಗಮನದಲ್ಲಿಡಿ, ಪರೀಕ್ಷೆಯ ಮಾತು ಬಂದಾಗ ಬೇಕಾಗುತ್ತದೆ.

ಇದು ಸಿಕ್ಕಿದ್ದು ಬೊಜ್ಜಿನ ಸಂಶೋಧನೆಯಲ್ಲಿ ಅಲ್ಲ. ಸಿ. ಎಲಿಗನ್ಸ್ ಅನ್ನುವ, ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಅವರ ತಂಡ ಲಿನ್-4 ಅನ್ನುವ ಜೀನ್‌ನಿಂದ ಪ್ರೋಟೀನೇ ಹುಟ್ಟುವುದಿಲ್ಲ, ಒಂದು ಪುಟ್ಟ ಆರ್‌ಎನ್‌ಎ ಮಾತ್ರ ಹುಟ್ಟುತ್ತದೆ ಅಂತ ಕಂಡುಕೊಂಡಿತು. ಗ್ಯಾರಿ ರುವ್ಕನ್ ಅವರ ತಂಡ ಅದು ಇನ್ನೊಂದು ಜೀನ್‌ನ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ ಅಂತ ತೋರಿಸಿತು. ಹುಳದ ವಿಷಯ ತಾನೇ ಅಂತ ಹೆಚ್ಚಿನವರು ಗಮನ ಕೊಡಲಿಲ್ಲ. 2000ದಲ್ಲಿ ರುವ್ಕನ್ ತಂಡ ಲೆಟ್-7 ಅನ್ನುವ ಇನ್ನೊಂದನ್ನು ಬಯಲಿಗೆ ತಂದಿತು. ಅದು ಹುಳದಲ್ಲೂ ಇತ್ತು, ನೊಣದಲ್ಲೂ ಇತ್ತು, ಮನುಷ್ಯನಲ್ಲೂ ಇತ್ತು. ಆಮೇಲೆ ಎಲ್ಲರೂ ಹುಡುಕಲು ಶುರು ಮಾಡಿದರು. 2024ರ ವೈದ್ಯಕೀಯ ನೊಬೆಲ್ ಇವರಿಬ್ಬರಿಗೆ ಬಂತು.

ಈಗ ಕೊಬ್ಬಿನ ವಿಷಯ. ಕೊಬ್ಬು ಅಂದರೆ ಚರ್ಮದ ಕೆಳಗೆ ಬಳಿದ ತುಪ್ಪ ಅಲ್ಲ. ಅದು ಜೀವಂತ ಕೋಶಗಳ ಅಂಗ. ಆ ಕೋಶಗಳು ಹುಟ್ಟುವುದನ್ನು ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ಇಲಿಯ ಒಂದು ಜಾತಿಯ ಕೋಶಗಳನ್ನು ಇದಕ್ಕಾಗಿಯೇ ದಶಕಗಳಿಂದ ಬೆಳೆಸುತ್ತಾ ಬಂದಿದ್ದಾರೆ. ಶುರುವಿನಲ್ಲಿ ಅವು ತಟ್ಟೆಯ ತಳಕ್ಕೆ ಅಂಟಿಕೊಂಡು, ಚಪ್ಪಟೆಯಾಗಿ, ಉದ್ದುದ್ದವಾಗಿ ಇರುತ್ತವೆ. ಇನ್ಸುಲಿನ್, ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮತ್ತು ಇನ್ನೊಂದು ರಾಸಾಯನಿಕ ಸೇರಿಸಿದ ದ್ರವ ಹಾಕುತ್ತಾರೆ. ದಿನ ಕಳೆದಂತೆ ಕೋಶಗಳು ಉರುಟಾಗುತ್ತವೆ. ಒಳಗೆ ಮಿನುಗುವ ಸಣ್ಣ ಸಣ್ಣ ಹನಿಗಳು ಕಾಣುತ್ತವೆ. ಹನಿಗಳು ಸೇರಿ ದೊಡ್ಡದಾಗುತ್ತವೆ. ವಾರ, ಹತ್ತು ದಿನ ಬಿಟ್ಟು ಆಯಿಲ್ ರೆಡ್ ಓ ಅನ್ನುವ ಬಣ್ಣ ಹಾಕಿದರೆ ಎಣ್ಣೆ ತುಂಬಿದ ಕೋಶಗಳೆಲ್ಲ ಕೆಂಪಾಗಿ ಎದ್ದು ಕಾಣುತ್ತವೆ. ಮೈಕ್ರೋಸ್ಕೋಪ್ ಕೂಡ ಬೇಕಾಗಿಲ್ಲ, ತಟ್ಟೆಯನ್ನು ಬೆಳಕಿಗೆ ಹಿಡಿದರೇ ಸಾಕು.

ಇದೇ ಕೋಶಗಳಿಗೆ ಮಿರ್-27 ಅಥವಾ ಮಿರ್-130 ಅನ್ನುವ ಮೈಕ್ರೋ ಆರ್‌ಎನ್‌ಎಯನ್ನು ಜಾಸ್ತಿ ತುಂಬಿ ನೋಡಿದರು. ಕೆಂಪು ಬಹಳ ಕಡಿಮೆಯಾಯಿತು. ಕೋಶಗಳು ಕೊಬ್ಬಿನ ಕೋಶ ಆಗಲು ಹಿಂದೇಟು ಹಾಕಿದವು. ಕಾರಣ, ಇವೆರಡೂ ಪಿಪಿಎಆರ್ ಗಾಮಾ ಅನ್ನುವ ಪ್ರೋಟೀನಿನ ಸಂದೇಶವನ್ನು ಹಿಡಿಯುತ್ತವೆ. ಕೊಬ್ಬಿನ ಕೋಶ ಹುಟ್ಟಬೇಕಾದರೆ ಆ ಪ್ರೋಟೀನ್ ಇರಲೇಬೇಕು. ಮಿರ್-143 ಇದಕ್ಕೆ ಉಲ್ಟಾ. 2004ರಲ್ಲಿ ಮನುಷ್ಯರ ಕೋಶಗಳಲ್ಲಿ ಅದನ್ನು ತಡೆದಾಗ ಕೊಬ್ಬಿನ ಕೋಶ ಆಗುವುದು ಕುಂಠಿತವಾಯಿತು. ಅಂದರೆ ಕೆಲವು ಮೈಕ್ರೋ ಆರ್‌ಎನ್‌ಎಗಳು ಕೊಬ್ಬಿನ ಕೋಶ ಹುಟ್ಟಲು ನೆರವಾಗುತ್ತವೆ, ಕೆಲವು ತಡೆಯುತ್ತವೆ.

"ಹಾಗಾದರೆ ತಡೆಯುವುದನ್ನೇ ಜಾಸ್ತಿ ಮಾಡಿಬಿಟ್ಟರೆ ಆಯ್ತಲ್ವಾ?" ಅಂತ ನಿಮಗೆ ಅನ್ನಿಸಿರಬಹುದು. ಎಲ್ಲರಿಗೂ ಅನ್ನಿಸುತ್ತದೆ. ಇಲ್ಲೇ ಎಡವುವುದು. ನಿಮ್ಮ ಅಪ್ಪನ ಮಾತ್ರೆ ಡಬ್ಬಿ ಒಮ್ಮೆ ನೋಡಿ, ಪಯೋಗ್ಲಿಟಜೋನ್ ಅನ್ನುವ ಹೆಸರು ಇದ್ದರೂ ಇರಬಹುದು. ನಮ್ಮ ದೇಶದಲ್ಲಿ ಎಷ್ಟೋ ಜನ ತೆಗೆದುಕೊಳ್ಳುವ ಶುಗರ್ ಮಾತ್ರೆ ಅದು. ಅದು ಕೆಲಸ ಮಾಡುವುದೇ ಪಿಪಿಎಆರ್ ಗಾಮಾವನ್ನು ಚುರುಕು ಮಾಡಿ. ತೆಗೆದುಕೊಂಡವರ ತೂಕ ಏರುತ್ತದೆ, ಆದರೂ ಶುಗರ್ ಇಳಿಯುತ್ತದೆ. ಹೇಗೆ? ಚರ್ಮದ ಕೆಳಗೆ ಹೊಸ, ಸಣ್ಣ ಕೊಬ್ಬಿನ ಕೋಶಗಳು ಹುಟ್ಟುತ್ತವೆ. ಲಿವರ್, ಸ್ನಾಯುಗಳಲ್ಲಿ ಸೇರಿ ತೊಂದರೆ ಕೊಡುತ್ತಿದ್ದ ಕೊಬ್ಬಿಗೆ ಇರಲು ಸರಿಯಾದ ಜಾಗ ಸಿಗುತ್ತದೆ. ಮೈಯಲ್ಲಿ ಕೊಬ್ಬಿನ ಕೋಶಗಳೇ ಸರಿಯಾಗಿ ಬೆಳೆಯದ ಲಿಪೋಡಿಸ್ಟ್ರೊಫಿ ಅನ್ನುವ ಅಪರೂಪದ ಕಾಯಿಲೆ ಇದೆ. ಅವರು ನೋಡಲು ಕಡ್ಡಿಯ ಹಾಗಿರುತ್ತಾರೆ, ಆದರೆ ಶುಗರ್ ವಿಪರೀತ. ಹಾಗಾಗಿ ಕೊಬ್ಬಿನ ಕೋಶ ಹುಟ್ಟದಂತೆ ಮಾಡುವುದು ಜಾಣತನ ಅಲ್ಲ. ಕೊಬ್ಬು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ದೊಡ್ಡ ಪ್ರಶ್ನೆ. ನನ್ನ ಇಡೀ ಉತ್ತರ ಇದರ ಸುತ್ತಲೇ ಇದೆ.

ನಮ್ಮವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಫೋಟೊ ಅಚ್ಚಾಯಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ತೂಕದ ಯಂತ್ರ ಇಬ್ಬರನ್ನೂ ಒಂದೇ ಅನ್ನುತ್ತದೆ. ನಮ್ಮ ದೇಶದಲ್ಲಿ ಬಿಎಂಐ 23 ದಾಟಿದರೇ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ ಹಿಡಿಯುವುದು ಇದಕ್ಕೇ. ನಿಮ್ಮದು ಹತ್ತಿರ ಹತ್ತಿರ 30. ಗೆಳೆಯ ಸಣ್ಣಗಿದ್ದಾನೆ ಅಂದಿರಿ. ಸಣ್ಣಗಿರುವುದು ಕಣ್ಣಿಗೆ ಕಾಣುತ್ತದೆ, ಅವರ ಲಿವರ್ ಕಾಣುವುದಿಲ್ಲ. ಅವರೂ ಒಮ್ಮೆ ಶುಗರ್ ನೋಡಿಸಲಿ.

ಇನ್ನೊಂದು ವಿಷಯ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದ ಸಂಶೋಧನೆ ಅದು. 1950, 60ರ ದಶಕದಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ ಜಾಸ್ತಿಯಾಯಿತು. ಆಮೇಲೆ ವರ್ಷ ವರ್ಷ ಇಳಿಯುತ್ತಾ ಬಂತು. ಕೋಶ ಯಾವಾಗ ಹುಟ್ಟಿತೋ ಆಗಿನ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಉಳಿಯುತ್ತದೆ. ಸ್ವೀಡನ್ನಿನ ಒಂದು ತಂಡ ಈ ಗುರುತು ಹಿಡಿದು ಕೊಬ್ಬಿನ ಕೋಶಗಳ ವಯಸ್ಸು ಅಳೆಯಿತು. 2008ರಲ್ಲಿ ಬಂದ ಫಲಿತಾಂಶ ಇದು: ದೊಡ್ಡವರ ಮೈಯಲ್ಲಿ ಪ್ರತಿ ವರ್ಷ ಸುಮಾರು ಹತ್ತರಲ್ಲಿ ಒಂದು ಪಾಲು ಕೊಬ್ಬಿನ ಕೋಶ ಸಾಯುತ್ತದೆ, ಅಷ್ಟೇ ಹೊಸದಾಗಿ ಹುಟ್ಟುತ್ತದೆ. ಒಟ್ಟು ಸಂಖ್ಯೆ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ತುಂಬಾ ತೂಕ ಇಳಿಸಿದವರಲ್ಲೂ ಸಂಖ್ಯೆ ಇಳಿದಿರಲಿಲ್ಲ, ಕೋಶಗಳು ಸಣ್ಣದಾಗಿದ್ದವು ಅಷ್ಟೇ. ಸಂಖ್ಯೆ ಬಹುಮಟ್ಟಿಗೆ ತೀರ್ಮಾನವಾಗುವುದು ಬಾಲ್ಯ ಮತ್ತು ಹರೆಯದಲ್ಲಿ. ನಿಮ್ಮ ಮಗನ ವಿಷಯಕ್ಕೆ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಕೊಬ್ಬು ಸುಮ್ನೆ ಕೂರುವುದಿಲ್ಲ ಅನ್ನುವುದಕ್ಕೆ 2017ರಲ್ಲಿ ಒಳ್ಳೆಯ ಸಾಕ್ಷಿ ಸಿಕ್ಕಿತು. ಅಮೆರಿಕದ ರೊನಾಲ್ಡ್ ಕಾನ್ ಅವರ ತಂಡ ಇಲಿಗಳ ಕೊಬ್ಬಿನ ಕೋಶಗಳಲ್ಲಿ ಮಾತ್ರ ಡೈಸರ್ ಎಂಜೈಮನ್ನು ತೆಗೆದುಹಾಕಿತು. ಡೈಸರ್ ಇಲ್ಲದಿದ್ದರೆ ಮೈಕ್ರೋ ಆರ್‌ಎನ್‌ಎ ತಯಾರಾಗುವುದಿಲ್ಲ. ಆಗ ಆ ಇಲಿಗಳ ರಕ್ತದಲ್ಲಿ, ಎಕ್ಸೋಸೋಮ್ ಅನ್ನುವ ಸೂಕ್ಷ್ಮ ಗುಳ್ಳೆಗಳೊಳಗೆ ಓಡಾಡುವ ಮೈಕ್ರೋ ಆರ್‌ಎನ್‌ಎಗಳಲ್ಲಿ ಬಹುಪಾಲು ಇಳಿದುಹೋದವು. ಅಂದರೆ ರಕ್ತಕ್ಕೆ ಅವನ್ನು ಬಿಡುವವರಲ್ಲಿ ಕೊಬ್ಬೇ ದೊಡ್ಡ ಪಾಲುದಾರ. ಆರೋಗ್ಯವಂತ ಇಲಿಯ ಕಂದು ಕೊಬ್ಬನ್ನು ಆ ಇಲಿಗಳಿಗೆ ಕಸಿ ಮಾಡಿದಾಗ ಅವುಗಳ ಗ್ಲೂಕೋಸ್ ನಿಯಂತ್ರಣ ಸುಧಾರಿಸಿತು. ಕೊಬ್ಬಿನಿಂದ ಹೊರಟ ಮಿರ್-99ಬಿ ಲಿವರಿಗೆ ಹೋಗಿ ಅಲ್ಲಿನ ಒಂದು ಜೀನನ್ನು ತಗ್ಗಿಸುವುದೂ ಕಂಡಿತು. ಅದೇ ವರ್ಷ ಇನ್ನೊಂದು ತಂಡ ದಪ್ಪ ಇಲಿಗಳ ಕೊಬ್ಬಿನಲ್ಲಿ ಸೇರಿಕೊಂಡ ರೋಗನಿರೋಧಕ ಕೋಶಗಳ ಎಕ್ಸೋಸೋಮ್ ತೆಗೆದು ಸಣ್ಣ ಇಲಿಗಳಿಗೆ ಚುಚ್ಚಿತು. ಸಣ್ಣ ಇಲಿಗಳಲ್ಲಿ ಇನ್ಸುಲಿನ್ ಕೆಲಸ ಕೆಟ್ಟಿತು. ಉಲ್ಟಾ ಮಾಡಿ ನೋಡಿದರೆ ದಪ್ಪ ಇಲಿಗಳದ್ದು ಸುಧಾರಿಸಿತು. ಹೊಟ್ಟೆಯ ಬೊಜ್ಜು ಲಿವರನ್ನೂ ಸ್ನಾಯುವನ್ನೂ ಕೆಡಿಸುವ ಹಲವು ದಾರಿಗಳಲ್ಲಿ ಇದೂ ಒಂದು. ಕಂದು ಕೊಬ್ಬು ಅಂದೆನಲ್ಲ, ಅದು ಕೊಬ್ಬನ್ನು ಸುಟ್ಟು ಮೈ ಬಿಸಿ ಇಡುವ ಬೇರೆ ಜಾತಿ. ಮಿರ್-133, ಮಿರ್-155 ಅದು ಬೆಳೆಯುವುದನ್ನು ತಡೆಯುತ್ತವೆ ಅಂತ ಇಲಿಗಳಲ್ಲಿ ಗೊತ್ತಾಗಿದೆ. ಮನುಷ್ಯರಲ್ಲಿ ಅದು ಇರುವುದೇ ಸ್ವಲ್ಪ, ಹಾಗಾಗಿ ಅಲ್ಲಿಗೆ ಬಿಡೋಣ.

ಬೆಣ್ಣೆಯ ಊರಿನವರಿಗೆ ಹಾಲಿನ ಕಥೆ ಹೇಳದೆ ಮುಂದೆ ಹೋಗುವುದು ಹೇಗೆ? ದೊಡ್ಡವರಾದ ಮೇಲೂ ಹಾಲು ಜೀರ್ಣಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಯುರೋಪಿನವರಲ್ಲಿ ಅದನ್ನು ಕೊಡುವ ಡಿಎನ್‌ಎ ಬದಲಾವಣೆ ಎರಡನೇ ಕ್ರೋಮೋಸೋಮಿನಲ್ಲಿ, ಲ್ಯಾಕ್ಟೇಸ್ ಜೀನ್ ಹತ್ತಿರ ಇದೆ. ಅಲ್ಲಿ ಡಿಎನ್‌ಎಯ ಒಂದು ಉದ್ದನೆಯ ತುಂಡು ಇಡಿಯಾಗಿ ತಲೆಮಾರುಗಳಿಂದ ಆಯ್ಕೆಯಾಗುತ್ತಾ ಬಂದಿದೆ. ಹಾಲು ಕುಡಿಯುವ ಅನುಕೂಲವೇ ಕಾರಣ ಅಂತ ಎಲ್ಲರೂ ಅಂದುಕೊಂಡಿದ್ದರು. ಅದೇ ತುಂಡಿನೊಳಗೆ ಮಿರ್-128-1 ಅನ್ನುವ ಮೈಕ್ರೋ ಆರ್‌ಎನ್‌ಎಯೂ ಕೂತಿದೆ. 2020ರಲ್ಲಿ ಒಂದು ಅಮೆರಿಕನ್ ತಂಡ ಇಲಿಗಳಲ್ಲಿ ಇದನ್ನು ತಡೆದು ನೋಡಿತು. ಕೊಬ್ಬಿನ ಮೇವು ತಿಂದರೂ ಆ ಇಲಿಗಳು ಅಷ್ಟು ದಪ್ಪ ಆಗಲಿಲ್ಲ, ಶಕ್ತಿ ಜಾಸ್ತಿ ಖರ್ಚು ಮಾಡಿದವು, ಶುಗರ್ ನಿಭಾಯಿಸುವುದೂ ಸುಧಾರಿಸಿತು. ಬರಗಾಲದಲ್ಲಿ ಮೈಯ ಖರ್ಚು ಹಿಡಿದು ಜೀವ ಉಳಿಸಿದ್ದು ಇದೇ ಇರಬಹುದು, ಆಯ್ಕೆಯಾಗಿದ್ದು ಹಾಲಿಗಾಗಿ ಮಾತ್ರ ಅಲ್ಲದೇ ಇರಬಹುದು ಅನ್ನುವುದು ಅವರ ವಾದ. ವಾದ ಚೆನ್ನಾಗಿದೆ, ಆದರೆ ಇನ್ನೂ ವಾದವೇ. ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಬರಗಾಲ ಹೊಸದಲ್ಲ. ಹಾಗಂತ ಈ ಸಂಶೋಧನೆಯನ್ನು ನೇರವಾಗಿ ನಮ್ಮ ಮೇಲೆ ಹೇರಬೇಡಿ. ಯುರೋಪಿನ ಆ ಬದಲಾವಣೆ ಉತ್ತರ ಭಾರತದಲ್ಲಿ ಜಾಸ್ತಿ, ದಕ್ಷಿಣಕ್ಕೆ ಬಂದಂತೆ ಕಡಿಮೆ.

ಇನ್ನು ವಂಶದ ಮಾತು. ಅಮ್ಮ ಹೇಳಿದ್ದು ಅರ್ಧ ಸರಿ. ಅವಳಿಗಳ ಅಧ್ಯಯನಗಳ ಪ್ರಕಾರ, ಜನರ ನಡುವಿನ ತೂಕದ ವ್ಯತ್ಯಾಸದಲ್ಲಿ ಶೇ 40ರಿಂದ 70ರಷ್ಟು ಹುಟ್ಟಿನಿಂದ ಬಂದದ್ದು. ಆದರೆ ಅದು ಒಂದು ಜೀನ್ ಅಲ್ಲ, ಸಾವಿರದ ಹತ್ತಿರ ಜಾಗಗಳಲ್ಲಿ ಹಂಚಿಹೋಗಿದೆ. ಎಲ್ಲಕ್ಕಿಂತ ಹೆಸರುವಾಸಿಯಾದದ್ದು 2007ರಲ್ಲಿ ಸಿಕ್ಕ ಎಫ್‌ಟಿಓ ಅನ್ನುವ ಜೀನ್. ಅದರ ದಪ್ಪ ಮಾಡುವ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದ ಯುರೋಪಿಯನ್ನರು, ಯಾರಿಂದಲೂ ಬರದವರಿಗಿಂತ ಸರಾಸರಿ 3 ಕೆ.ಜಿ. ಮಾತ್ರ ಹೆಚ್ಚು ತೂಗುತ್ತಿದ್ದರು. ದೊಡ್ಡದು ಅನ್ನಿಸಿಕೊಂಡದ್ದೇ ಇಷ್ಟು. ಉಳಿದವು ಅದಕ್ಕಿಂತಲೂ ಸಣ್ಣವು. ಗೆಳೆಯನಿಗೂ ನಿಮಗೂ ಇರುವ ವ್ಯತ್ಯಾಸ ಇಂಥ ಎಷ್ಟೋ ಸಣ್ಣ ಸಣ್ಣದು ಸೇರಿ ಆದದ್ದು. ಜೊತೆಗೆ ಅವರು ಮನೆಯಲ್ಲಿ ಏನು ತಿನ್ನುತ್ತಾರೆ, ದಿನಕ್ಕೆ ಎಷ್ಟು ನಡೆಯುತ್ತಾರೆ ಅನ್ನುವುದು ನಿಮಗೆ ದೋಸೆ ಟೇಬಲ್ಲಿನಲ್ಲಿ ಕಾಣುವುದಿಲ್ಲ ಅಲ್ವಾ?

ಅಪ್ಪನ ಊಟ ಮಗನ ಮೈಗೆ ಬರುತ್ತದಾ ಅನ್ನುವುದು ಇನ್ನೂ ಕುತೂಹಲದ ಪ್ರಶ್ನೆ. 2016ರಲ್ಲಿ ಚೀನಾದ ತಂಡವೊಂದು ಕೊಬ್ಬಿನ ಮೇವು ತಿಂದ ಗಂಡು ಇಲಿಗಳ ವೀರ್ಯಾಣುವಿನಿಂದ ಸಣ್ಣ ಆರ್‌ಎನ್‌ಎ ತುಣುಕುಗಳನ್ನು ತೆಗೆದು, ಆಗಷ್ಟೇ ಫಲಿತವಾದ ಮೊಟ್ಟೆಗೆ ಚುಚ್ಚಿತು. ಇವು ಮೈಕ್ರೋ ಆರ್‌ಎನ್‌ಎ ಅಲ್ಲ, ಅದರ ದಾಯಾದಿಗಳು, ಪ್ರೋಟೀನ್ ಕಟ್ಟಲು ನೆರವಾಗುವ ಟಿಆರ್‌ಎನ್‌ಎ ಅನ್ನುವುದರ ಚೂರುಗಳು. ಹುಟ್ಟಿದ ಮರಿಗಳಿಗೆ ಶುಗರ್ ನಿಭಾಯಿಸುವುದು ಕಷ್ಟವಾಯಿತು. ಮರಿಗಳು ಅಪ್ಪನ ಮೇವನ್ನು ಮುಟ್ಟಿಯೂ ಇರಲಿಲ್ಲ. ಸ್ಥೂಲಕಾಯದ ಗಂಡಸರ ವೀರ್ಯದಲ್ಲೂ ಸಣ್ಣ ಆರ್‌ಎನ್‌ಎಗಳ ಮಿಶ್ರಣ ಬೇರೆ ಇರುತ್ತದೆ ಅಂತ ಕಂಡಿದೆ. ಆದರೆ ಮನುಷ್ಯರಲ್ಲಿ ಅದು ಮಗುವನ್ನು ದಪ್ಪ ಮಾಡುತ್ತದೆ ಅಂತ ಯಾರೂ ತೋರಿಸಿಲ್ಲ. ಮಗನ ಬಗ್ಗೆ ಅಪರಾಧಿ ಭಾವ ಬೇಡ. ಒಂದೇ ಮನೆಯಲ್ಲಿ ಒಂದೇ ಡಬ್ಬಿಯ ಶೇಂಗಾ ಎಣ್ಣೆ, ಒಂದೇ ಪಾತ್ರೆಯ ಅನ್ನ, ಸಂಜೆ ಒಂದೇ ಪೊಟ್ಟಣದ ಮಂಡಕ್ಕಿ ಮಿರ್ಚಿ. ವಂಶದಲ್ಲಿ ಹರಿಯುವುದು ಜೀನ್ ಒಂದೇ ಅಲ್ಲ.

ಅನ್ನದ ಆರ್‌ಎನ್‌ಎ ವಿಷಯ ಬೇಗ ಮುಗಿಸುತ್ತೇನೆ. 2012ರಲ್ಲಿ ಚೀನಾದ ಒಂದು ತಂಡ ಅಕ್ಕಿಯ ಮಿರ್-168ಎ ಮನುಷ್ಯರ ರಕ್ತದಲ್ಲಿ ಸಿಕ್ಕಿತು, ಇಲಿಯ ಲಿವರಿನಲ್ಲಿ ಕೊಲೆಸ್ಟರಾಲ್ ತೆಗೆಯುವ ಕೆಲಸಕ್ಕೆ ಅಡ್ಡಿ ಮಾಡಿತು ಅಂತ ಬರೆಯಿತು. ದೊಡ್ಡ ಸುದ್ದಿಯಾಯಿತು. ಬೇರೆ ಲ್ಯಾಬುಗಳು ಅದನ್ನೇ ಮಾಡಿ ನೋಡಿದಾಗ ಹಾಗೆ ಬರಲಿಲ್ಲ. ಊಟದಿಂದ ರಕ್ತಕ್ಕೆ ಹೋಗುವ ಸಸ್ಯದ ಆರ್‌ಎನ್‌ಎ ಇದ್ದರೂ ತೀರಾ ಅತ್ಯಲ್ಪ, ಅದರಿಂದ ಜೀನ್ ಬದಲಾಗುವ ಮಾತೇ ಇಲ್ಲ. ಅನ್ನ ಜಾಸ್ತಿಯಾದರೆ ಶುಗರ್ ಏರುವುದು ಅದರ ಪಿಷ್ಟದಿಂದ. ಮಂಡಕ್ಕಿ ಹಗುರ ಅಂತ ಎರಡು ಬೊಗಸೆ ಜಾಸ್ತಿ ತಿನ್ನುತ್ತೇವಲ್ಲ, ಅದೂ ಅಕ್ಕಿಯೇ.

ಈಗ ಹದಿನೈದು ಸಾವಿರದ ಪರೀಕ್ಷೆ. ಬೊಜ್ಜು ಇರುವವರ ರಕ್ತದಲ್ಲಿ ಕೆಲವು ಮೈಕ್ರೋ ಆರ್‌ಎನ್‌ಎ ಜಾಸ್ತಿ, ಕೆಲವು ಕಡಿಮೆ ಅಂತ ಅನೇಕ ಅಧ್ಯಯನಗಳು ಹೇಳಿವೆ. ತೂಕ ಇಳಿದಾಗ ಅವು ಬದಲಾಗುವುದೂ ನಿಜ. ತೊಂದರೆ ಏನೆಂದರೆ ಒಂದು ಅಧ್ಯಯನದ ಪಟ್ಟಿಗೂ ಇನ್ನೊಂದರ ಪಟ್ಟಿಗೂ ಸರಿಯಾಗಿ ತಾಳೆಯಾಗುವುದಿಲ್ಲ. ಗುಂಪುಗಳ ಸರಾಸರಿಯಲ್ಲಿ ಕಾಣುವ ಸಣ್ಣ ವ್ಯತ್ಯಾಸ ಒಬ್ಬ ಮನುಷ್ಯನ ಬಗ್ಗೆ ಏನೂ ಹೇಳುವುದಿಲ್ಲ. ಬೊಜ್ಜಿನಿಂದ ಅದು ಏರಿತೋ, ಅದು ಏರಿದ್ದರಿಂದ ಬೊಜ್ಜು ಬಂತೋ ಅನ್ನುವುದೂ ವರದಿಯಲ್ಲಿ ತಿಳಿಯುವುದಿಲ್ಲ.

ರಕ್ತ ತೆಗೆಯುವ ಹಂತದಲ್ಲೇ ಇನ್ನೊಂದು ತಾಪತ್ರಯ ಇದೆ, ಜಾಹೀರಾತಿನವರು ಅದನ್ನು ಹೇಳುವುದಿಲ್ಲ. ಕೆಂಪು ರಕ್ತಕಣಗಳ ಒಳಗೆ ಮಿರ್-451, ಮಿರ್-16ರಂಥವು ತುಂಬಿ ತುಳುಕುತ್ತಿರುತ್ತವೆ. ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ, ಟ್ಯೂಬನ್ನು ಕುಲುಕಿದರೆ, ಕಣಗಳನ್ನು ಬೇರೆ ಮಾಡಲು ಯಂತ್ರದಲ್ಲಿ ತಿರುಗಿಸುವುದು (ಸೆಂಟ್ರಿಫ್ಯೂಜ್) ತಡವಾದರೆ ಕಣಗಳು ಒಡೆಯುತ್ತವೆ. ಹಳದಿಯಾಗಿರಬೇಕಾದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ತಿಳಿಗೆಂಪಾಗುತ್ತದೆ. ಆಮೇಲೆ ನೀವು ಅಳೆಯುವುದು ಬೊಜ್ಜನ್ನಲ್ಲ, ಒಡೆದ ರಕ್ತಕಣವನ್ನು. ಪ್ಲೇಟ್‌ಲೆಟ್ ಉಳಿದುಕೊಂಡರೂ ಇದೇ ಪಾಡು. ಬೇಸಿಗೆಯ ಬಿಸಿಲಲ್ಲಿ ದಾವಣಗೆರೆಯಿಂದ ದೂರದ ಊರಿಗೆ ಕೊರಿಯರಿನಲ್ಲಿ ಹೋದ ರಕ್ತದ ಗತಿ ನೀವೇ ಊಹಿಸಿ. ಕೊನೆಗೆ ಅವರು ಕೊಡುವ ಊಟದ ಪಟ್ಟಿ? ಯಾವ ಮೈಕ್ರೋ ಆರ್‌ಎನ್‌ಎಗೆ ಯಾವ ಊಟ ಅಂತ ಹೇಳಬಲ್ಲ ವಿಜ್ಞಾನ ಇವತ್ತು ಇಲ್ಲ. ಆ ಪಟ್ಟಿಯಲ್ಲಿ ಸೊಪ್ಪು, ಕಾಳು, ಕಡಿಮೆ ಎಣ್ಣೆ ಅಂತ ಬರೆದಿರುತ್ತದೆ. ಅದನ್ನು ನಾನು ಪುಕ್ಕಟೆ ಹೇಳುತ್ತೇನೆ.

ಔಷಧಿಯ ಕಡೆ ಸ್ಥಿತಿ ಏನು? ಮೈಕ್ರೋ ಆರ್‌ಎನ್‌ಎಯನ್ನೇ ಗುರಿ ಮಾಡಿದ ಬೊಜ್ಜಿನ ಔಷಧಿ ಒಂದೂ ಬಳಕೆಗೆ ಬಂದಿಲ್ಲ. ಯಾಕೆ ಕಷ್ಟ ಅನ್ನುವುದಕ್ಕೆ ಮಿರ್-33 ಸಾಕು. ಅದನ್ನು ತಡೆದರೆ ಕೋಶಗಳು ಕೊಲೆಸ್ಟರಾಲನ್ನು ಹೊರಗೆ ಹಾಕುತ್ತವೆ, ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಏರುತ್ತದೆ. ಮಂಗಗಳಲ್ಲೂ ಏರಿತು, ಎಲ್ಲರಿಗೂ ಖುಷಿ. ಆದರೆ ಹುಟ್ಟಿನಿಂದಲೇ ಮಿರ್-33 ಇಲ್ಲದ ಇಲಿಗಳು ಕೊಬ್ಬಿನ ಮೇವು ತಿಂದು ದಪ್ಪಗಾದವು, ಲಿವರಿನಲ್ಲಿ ಕೊಬ್ಬು ತುಂಬಿಕೊಂಡಿತು. ನೂರಾರು ಸಂದೇಶಗಳಿಗೆ ಕೈಹಾಕುವುದನ್ನು ತಡೆದರೆ ನೂರಾರು ಕಡೆ ಏನೋ ಆಗುತ್ತದೆ. ಕ್ಯಾನ್ಸರಿಗೆ ತಂದ ಮಿರ್-34ರ ಔಷಧಿಯ ಪ್ರಯೋಗವನ್ನು 2016ರಲ್ಲಿ ಗಂಭೀರ ಅಡ್ಡಪರಿಣಾಮಗಳಿಂದ ನಿಲ್ಲಿಸಬೇಕಾಯಿತು.

ಒಂದೇ ಒಂದು ಸಂದೇಶವನ್ನು ಹಿಡಿಯುವಂತೆ ಮನುಷ್ಯರೇ ರೂಪಿಸಿದ ಎಸ್‌ಐಆರ್‌ಎನ್‌ಎ ಔಷಧಿಗಳು ಮಾತ್ರ ಗೆದ್ದಿವೆ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟರಾಲ್ ಇಳಿಸುವ ಇನ್‌ಕ್ಲಿಸಿರಾನ್ ಅಂಥದ್ದು. ಮೊದಲ ಎರಡು ಡೋಸ್ ಆದ ಮೇಲೆ ಆರು ತಿಂಗಳಿಗೊಂದು ಇಂಜೆಕ್ಷನ್, ಎಲ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೂ ಆರ್ಗೋನಾಟ್ ಒಳಗೇ ಕೂತು ಕೆಲಸ ಮಾಡುವುದು. ಇಂಥ ಔಷಧಿಯನ್ನು ಲಿವರಿಗೆ ತಲುಪಿಸುವುದು ಸುಲಭ, ಕೊಬ್ಬಿನ ಕೋಶಕ್ಕೆ ಕಷ್ಟ. ಹಾಗಾಗಿ ಲಿವರಿನ ಐಎನ್‌ಎಚ್‌ಬಿಇ ಅನ್ನುವ ಜೀನನ್ನು ತಡೆಯುವ ಪ್ರಯೋಗಗಳು ಮನುಷ್ಯರಲ್ಲಿ ನಡೆದಿವೆ. ಹುಟ್ಟಿನಿಂದ ಆ ಜೀನಿನ ಒಂದು ಪ್ರತಿ ಕೆಲಸ ಮಾಡದವರಲ್ಲಿ ಹೊಟ್ಟೆಯ ಕೊಬ್ಬು ಕಡಿಮೆ ಇರುತ್ತದೆ ಅಂತ 2022ರಲ್ಲಿ ಗೊತ್ತಾಗಿತ್ತು. ಬೊಜ್ಜಿನ ಔಷಧಿಗಳಲ್ಲಿ ಕಣ್ಣಿಡಬೇಕಾದ ಒಂದು ಜಾಗ ಇದು. ನೀವು ಈಗ ಎಲ್ಲೆಡೆ ಕೇಳುತ್ತಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳಿಗೂ ಆರ್‌ಎನ್‌ಎಗೂ ಸಂಬಂಧ ಇಲ್ಲ. ಅವು ಕರುಳಿನ ಹಾರ್ಮೋನಿನ ನಕಲು. ನಿಮ್ಮ ಬಿಎಂಐ ನೋಡಿದರೆ ಆ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬಹುದು, ಮೆಡಿಕಲ್ ಶಾಪಿನವರ ಹತ್ತಿರ ಅಲ್ಲ.

ನಿಮ್ಮ ಕೈಯಲ್ಲಿರುವುದು ಹೇಳುತ್ತೇನೆ. ಅಂಗಡಿಯ ಟೇಪು ತೆಗೆದುಕೊಳ್ಳಿ. ಪ್ಯಾಂಟಿನ ಸೈಜ್ ಲೆಕ್ಕಕ್ಕಿಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಅದರ ಕೆಳಗೆ ಕಟ್ಟುತ್ತಾರೆ, ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟು, ಬಿಗಿ ಮಾಡದೆ ಅಳೆಯಿರಿ. ನಮ್ಮ ಗಂಡಸರಿಗೆ 90 ಸೆಂ.ಮೀ., ಅಂದರೆ ಮೂವತ್ತೈದೂವರೆ ಇಂಚು ಮಿತಿ. ಹೆಂಗಸರಿಗೆ 80 ಸೆಂ.ಮೀ. ಆಮೇಲೆ ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ಲಿಪಿಡ್ ಪ್ರೊಫೈಲ್, ಲಿವರಿನ ಎಎಲ್‌ಟಿ, ಬಿ.ಪಿ. ನೋಡಿಸಿ. ಇವೆಲ್ಲ ನಿಮ್ಮೂರಿನ ಯಾವ ಲ್ಯಾಬಿನಲ್ಲೂ ಆಗುತ್ತವೆ, ಹದಿನೈದು ಸಾವಿರದ ಹತ್ತಿರಕ್ಕೂ ಹೋಗುವುದಿಲ್ಲ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದರೆ ಶುಗರಿನ ಹೊಸ್ತಿಲಲ್ಲಿದ್ದೀರಿ ಅಂತ. ಅಲ್ಲಿಂದ ಹಿಂದೆ ಬರುವುದು ಸಾಧ್ಯ. 2006ರಲ್ಲಿ ಪ್ರಕಟವಾದ ನಮ್ಮದೇ ದೇಶದ ಒಂದು ಅಧ್ಯಯನದಲ್ಲಿ, ಹೊಸ್ತಿಲಲ್ಲಿದ್ದವರು ಊಟ ತಿದ್ದಿಕೊಂಡು ನಡೆಯಲು ಶುರು ಮಾಡಿದಾಗ ಮೂರು ವರ್ಷದಲ್ಲಿ ಶುಗರ್ ಬರುವುದು ಶೇ 28.5ರಷ್ಟು ಕಡಿಮೆಯಾಯಿತು. ಅವರ ತೂಕ ಹೇಳಿಕೊಳ್ಳುವಂತೆ ಇಳಿದಿರಲೂ ಇಲ್ಲ.

ಬೆಣ್ಣೆ ದೋಸೆ ಬಿಡಿ ಅಂತ ದಾವಣಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ. 25 ಗ್ರಾಂ ಬೆಣ್ಣೆ ಅಂದರೆ ಸುಮಾರು 180 ಕ್ಯಾಲೊರಿ ಅಂತ ಮಾತ್ರ ಗೊತ್ತಿರಲಿ. ವಾರಕ್ಕೊಮ್ಮೆ ಒಂದು ಪ್ಲೇಟ್ ತಿನ್ನಿ, ಆವತ್ತು ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಬೆವರು ಬರುವ ಹಾಗೆ ನಡೆದು ಬನ್ನಿ. ಉಳಿದ ದಿನ ಜೋಳದ ರೊಟ್ಟಿ, ಪಲ್ಯ, ಕಾಳು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಎದ್ದು ಓಡಾಡಿ, ಮೇಲಿನ ಥಾನನ್ನು ಹುಡುಗರ ಕೈಲಿ ತರಿಸದೆ ನೀವೇ ಇಳಿಸಿ.

ಮಗನಿಗೆ ಯಾವ ಆರ್‌ಎನ್‌ಎ ಪರೀಕ್ಷೆಯೂ ಬೇಡ. ಕೊಬ್ಬಿನ ಕೋಶಗಳ ಸಂಖ್ಯೆ ಕೂಡುವ ವಯಸ್ಸು ಅವನದು, ಹಾಗಾಗಿ ಗಮನ ಬೇಕು, ಗಾಬರಿ ಬೇಡ. ಮಕ್ಕಳಿಗೆ ದೊಡ್ಡವರ ಬಿಎಂಐ ಲೆಕ್ಕ ಹೊಂದುವುದಿಲ್ಲ, ವಯಸ್ಸಿಗೆ ತಕ್ಕ ಚಾರ್ಟ್ ಬೇರೆ ಇದೆ. ಮಕ್ಕಳ ಡಾಕ್ಟರ ಹತ್ತಿರ ಆರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆಸಿ. ಅವನಿಗೆ ಡಯಟ್ ಹಚ್ಚಬೇಡಿ. ಬಾಟಲಿ ಜ್ಯೂಸು, ಬೇಕರಿ ತಿಂಡಿ ಮನೆಗೆ ತರುವುದನ್ನು ನಿಲ್ಲಿಸಿ, ಸಂಜೆ ಆಟಕ್ಕೆ ಬಿಡಿ. ಎಲ್ಲರೆದುರು 'ಗುಂಡ' ಅಂತ ಕರೆಯುವ ಅಭ್ಯಾಸ ಮನೆಯಲ್ಲಿದ್ದರೆ ಅದನ್ನೂ ಬಿಡಿ. ಇನ್ನೊಂದು, ಅವನ ಕತ್ತಿನ ಹಿಂಭಾಗ ನೋಡಿ. ಅಲ್ಲಿ, ಇಲ್ಲವೇ ಕಂಕುಳಲ್ಲಿ, ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದು ಕೊಳೆ ಅಲ್ಲ, ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಅನ್ನುವುದರ ಗುರುತು ಇರಬಹುದು. ಉಜ್ಜಿ ತೊಳೆಯಲು ಹೋಗದೆ ಡಾಕ್ಟರಿಗೆ ತೋರಿಸಿ.